ಬೇಲಿಯಾಚೆಯ ಫೇಹೋವಾ

ಕೀಳಬಾರದು ಇದನ್ನು. ಮೊದಲ ಪಾಠ ಅದು.
ಕೊಂಬೆಯಲ್ಲಿದ್ದಾಗ ಹಸಿರು, ಹಣ್ಣಾದರೂ ಹಸಿರು,
ಹಿಚುಕಿದರೂ ಗುಟ್ಟು ಬಿಡದು.
ತಾನಾಗಿ ನೆಲಕ್ಕೆ ಬಿದ್ದ ದಿನವೇ ಹಣ್ಣು.
ಅಲ್ಲಿತನಕ ಅದು ಕಾಯಿ;
ಅಲ್ಲಿತನಕ ನೀನೂ ಕಾಯಿ.

ಎರಡನೆಯದು: ಒಂಟಿ ಗಿಡ ಫಲ ಕಚ್ಚುವುದಿಲ್ಲ.
ಇದನ್ನು ನನಗೆ ಯಾರೂ ಹೇಳಿರಲಿಲ್ಲ.
ಓಜುರ್ಗೆತಿಯ ಈ ಹಿತ್ತಿಲಿಗೆ ಸೊಸೆಯಾಗಿ ಬಂದಾಗ
ಈಚೆ ನಮ್ಮದೊಂದು, ಬೇಲಿಯಾಚೆ ಜುಂಬೆರನದೊಂದು.
ನವೆಂಬರಿನಲ್ಲಿ ಬಕೆಟ್ಟು ಬಕೆಟ್ಟು ಹಣ್ಣು.
ನನ್ನ ಕೈಗುಣ ಅಂದುಕೊಂಡಿದ್ದೆ.

ಜಗಳ ಯಾತಕ್ಕೆಂದು ಹೇಳಲೂ ನಾಚಿಕೆ.
ಒಂದು ಹಂದಿ. ನಮ್ಮದು. ಅವನ ಜೋಳದ ಸಾಲು.
ಅವನೇನೋ ಅಂದ, ನನ್ನ ಗಂಡ ಇನ್ನೇನೋ ಅಂದ,
ಸಂಜೆಗೆ ಕೊಡಲಿಯ ಸದ್ದು.
ತನ್ನ ಗಿಡವನ್ನೇ ಬುಡಮಟ್ಟ ಕಡಿದು ಹಾಕಿದ,
ನಾವು ನೋಡಲೆಂದೇ.

ಜೂನಿನಲ್ಲಿ ನನ್ನ ಗಿಡ ಎಂದಿನಂತೆ ಹೂ ಬಿಟ್ಟಿತು:
ಕೆಂಪು ಕೇಸರದ ಕುಚ್ಚು, ದಪ್ಪ ಬಿಳಿ ಎಸಳು.
ಮೊಮ್ಮಗಳು ತಾತುಲಿ ಎಸಳು ಕಿತ್ತು ಬಾಯಿಗಿಟ್ಟಳು,
"ಅಜ್ಜೀ, ಸಕ್ಕರೆ!"
ಹಕ್ಕಿಗಳೂ ತಿಂದವು. ತಿಂದದ್ದಷ್ಟೇ.
ನವೆಂಬರಿನ ನೆಲ ಬರಿದು.
ಗಿಡ ಮಾತ್ರ ಚಳಿಯಲ್ಲೂ ಬೋಳಾಗದೆ,
ಗಾಳಿಗೆ ಎಲೆ ಮಗುಚಿ ಬೆಳ್ಳಿ ತೋರಿಸುತ್ತ ನಿಂತಿತ್ತು,
ಏನೂ ಆಗಿಲ್ಲವೆಂಬಂತೆ.
ಹೀಗೇ ನಾಲ್ಕು ವರ್ಷ. ಹಂದಿ ಹೋಯಿತು. ಗಂಡನೂ.

ಗೊಬ್ಬರ ಕೊಟ್ಟೆ, ಬುಡ ಕೆದಕಿದೆ, ಗದರಿದೆ.
ಕೃಷಿ ಶಾಲೆಯ ಹುಡುಗ ಸುತ್ತ ನೋಡಿ ಕೇಳಿದ,
"ಇದರ ಜೊತೆಯದು ಎಲ್ಲಿ?"

ಆವತ್ತು ಬೇಲಿಯ ಸಂದಿಗೆ ಕಣ್ಣಿಟ್ಟೆ.
ಕಡಿದ ಬುಡದ ಸುತ್ತ ಏಳು ಚಿಗುರು, ಎದೆಯೆತ್ತರ.
ಮತ್ತೆ ಕೊಡಲಿ ಮುಟ್ಟಿರಲಿಲ್ಲ ಮುದುಕ.
ಪಾತ್ರೆ ತೊಳೆದ ನೀರು ತಂದು ಅಲ್ಲೇ ಸುರಿಯುತ್ತಿದ್ದ,
ಆಚೆ ಈಚೆ ನೋಡಿ, ಕಳ್ಳನ ಹಾಗೆ.

ಮರುವರ್ಷ ಎರಡೂ ಕಡೆ ಹೂ.
ಒಂದು ಕರಿಹಕ್ಕಿ ಹಣೆಗೆ ಪರಾಗ ಮೆತ್ತಿಕೊಂಡು
ಅವನ ಕಡೆಯಿಂದ ನನ್ನ ಕಡೆಗೆ ಬಂತು,
ಯಾರ ಅಪ್ಪಣೆಯೂ ಕೇಳದೆ.

ಇವತ್ತು ಬೆಳಗ್ಗೆ ಇಬ್ಬನಿಯಲ್ಲಿ ಹನ್ನೊಂದು ಬಿದ್ದಿವೆ.
ಕೊಯ್ದರೆ ಅನಾನಸು, ಪುದೀನ, ಯಾವುದೋ ಹಳೇ ಸೋಪಿನ ಘಮ.
ಕುದಿಸಬಾರದು. ಹಸಿಯಾಗೇ ಅರೆದು,
ಸಮಸಮ ಸಕ್ಕರೆ, ಒಂದು ಹಿಡಿ ಅಕ್ರೋಟ.
ಎರಡು ಬಾಟಲಿ ತೊಳೆದಿಟ್ಟಿದ್ದೇನೆ.
ಒಂದರ ಮುಚ್ಚಳ ಮನೆಯಿಡೀ ಹುಡುಕಿದರೂ ಸಿಗಲಿಲ್ಲ.
ಆಮೇಲೆ ನೆನಪಾಯಿತು:
ಆ ಬಾಟಲಿ ಜುಂಬೆರನ ಮನೆಯದು,
ಹಂದಿಗೂ ಹಿಂದಿನದು.