ಪೀಕದಾನಿ

ಮೂವತ್ತೆಂಟು ವರ್ಷ ಕಾಫಿ ಕ್ಯೂರಿಂಗಿನಲ್ಲಿ
ಚಮಚ ಚಮಚ ಹೀರಿ ಉಗುಳಿದವರು ಸಿಪ್ರಿಯನ್ ಮಾಮ.
ನುಂಗಿದರೆ ನಾಲಿಗೆ ಸುಳ್ಳು ಹೇಳ್ತದಂತೆ.

ಹಡಗಿನಿಂದಿಳಿದು ನಾನು ತಂದ ಸಿಂಗಲ್ ಮಾಲ್ಟನ್ನು
ಜೆಪ್ಪುವಿನ ಜಗಲಿಯಲ್ಲಿ, ಸೆಖೆಗೆ ಅಂಗಿ ಬಿಚ್ಚಿ,
ಬೆಳಕಿಗೆ ಹಿಡಿದರು. "ಬಣ್ಣಕ್ಕೆ ಮಾರ್ಕಿಲ್ಲ.
ಬಣ್ಣ ಯಾರು ಬೇಕಾದರೂ ಹಾಕಬಹುದು."

ಐಸು ತಂದ ನನ್ನನ್ನು ಕಣ್ಣಲ್ಲೇ ಹಿಂದಕ್ಕೆ ಕಳಿಸಿ
ಬಾವಿಯ ನೀರು, ಮೂರೇ ಹನಿ, ಬೆರಳ ತುದಿಯಿಂದ.
ಮೂಗು ಗ್ಲಾಸಿನೊಳಗೆ ಇಳಿಯಿತು.
"ಕರಟ ಸುಟ್ಟ ಹೊಗೆ.
ದಕ್ಕೆಯ ಒದ್ದೆ ಹಗ್ಗ.
ಸ್ವಲ್ಪ ಓಲೆಬೆಲ್ಲ, ತಳ ಹಿಡಿದದ್ದು."
ಹೀರಿದ ಸದ್ದಿಗೆ ಬೆಕ್ಕು ಎದ್ದು ಹೋಯಿತು.
ಉಗುಳಿದರು. ಹಿತ್ತಾಳೆ ಪೀಕದಾನಿ ಠಣ್ ಎಂದಿತು,
ಎಂಟು ಸಾವಿರ ಕೊಟ್ಟ ನನ್ನ ಎದೆಯೂ.

ಹಳೆ ಲೆಡ್ಜರಿನ ಹಿಂಬದಿಯಲ್ಲಿ ಬರೆದರು:
ಮೈ, ಎಂಟು. ಹುಳಿ, ಇಲ್ಲ.
ಉಳಿಯುವ ರುಚಿ
ಅಲ್ಲಿ ಪೆನ್ಸಿಲು ನಿಂತಿತು.

ಮತ್ತೆ ಮೂಸಿದರು. ಮತ್ತೆ.
"ಅಯೋಡಿನ್," ಅಂದರು. "ಕಂಕನಾಡಿ, ಎರಡನೇ ಮಾಳಿಗೆ,
ಕಿಟಕಿ ಪಕ್ಕದ ಮಂಚ. ಸೆವರಿನಳ ಬ್ಯಾಂಡೇಜು
ನಾನೇ ಬಿಚ್ಚುತ್ತಿದ್ದೆ, ನರ್ಸು ಊಟಕ್ಕೆ ಹೋದಾಗ.
ಅವಳು ಬೈಯುತ್ತಿದ್ದಳು, ನಿಮ್ಮ ಕೈಗೆ ಕಾಫಿ ವಾಸನೆ ಅಂತ."

ಇಗರ್ಜಿಯ ಗಂಟೆ ಬಡಿಯಿತು. ಶಿಲುಬೆ ಹಾಕಿಕೊಳ್ಳಲು ಮರೆತು
ಪೀಕದಾನಿಯನ್ನು ಕಾಲಿನಿಂದ ಬೆಂಚಿನಡಿಗೆ ತಳ್ಳಿದರು.
ಗಂಟಲ ಮಣಿ ಮೇಲೆ ಹೋಗಿ ಕೆಳಗಿಳಿದದ್ದನ್ನು
ನಾನು ನೋಡಿದೆ, ನೋಡದವನಂತೆ.

ಆ ಸಾಲಿಗೆ ಮಾರ್ಕು ಹಾಕಲಿಲ್ಲ.
ಬಿರಡೆ ಒತ್ತಿ, ಅಂಗೈಯಲ್ಲಿ ಎರಡು ಸಲ ಗುದ್ದಿ
"ನಾಳೆಯೂ ಬಾ" ಅಂದರು,
"ಐಸು ಬೇಡ."