ಮಡಿಲಲ್ಲಿ ಮೂರು ಫ್ಯೂಸು

ಗಂಡಸಿ ಹ್ಯಾಂಡ್‌ಪೋಸ್ಟಿನ ಪಂಪ್‌ಹೌಸಿಗೆ
ಹೆಂಗಸು ಆಪರೇಟರು ಬಂದಳೆಂದು
ಟೀ ಅಂಗಡಿಯಲ್ಲಿ ಒಂದು ವಾರ ನಕ್ಕರು.
ಊರ ಹೆಸರೇ ಸಾಕಿತ್ತು, ಜೋಕು ಕಟ್ಟುವ ಕಷ್ಟವೂ ಇರಲಿಲ್ಲ.
ಎಂಟನೇ ದಿನವೂ ನಲ್ಲಿಯಲ್ಲಿ ಹೊತ್ತಿಗೆ ಸರಿಯಾಗಿ ನೀರು ಬಂತು.
ನಗು ನಿಂತಿತು, ಅಥವಾ ಬೇರೆ ಅಂಗಡಿಗೆ ಹೋಯಿತು.

ಬೀಗ ತೆಗೆದ ಕೂಡಲೇ ಸ್ವಿಚ್ಚಿಗೆ ಕೈ ಹಾಕುವುದಿಲ್ಲ ನಾನು.
ಮೊದಲು ಮೂಗು.
ಸುಟ್ಟ ವಾರ್ನಿಷಿನ ವಾಸನೆ
ಒಮ್ಮೆ ತಿಳಿದರೆ ಸಾಯುವತನಕ ಮರೆಯುವುದಿಲ್ಲ.
ಆಮೇಲೆ ಕಿವಿ. ಆಮೇಲೆ ಟಾರ್ಚು:
ಕೇಬಲ್ಲು ಒಳಹೊಕ್ಕ ತೂತಿನಲ್ಲಿ ಇರುವೆ ಸಾಲು ಕಟ್ಟಿದೆಯೇ,
ಇಲಿ ಬಂದಿತ್ತೇ, ಮಂಜಿಗೆ ತಗಡು ಬೆವರಿದೆಯೇ.
ರಬ್ಬರ್ ಹಾಸಿನ ಮೇಲೆ ನಿಂತು ಎಣಿಸುತ್ತೇನೆ,
ಕೆಂಪು, ಹಳದಿ, ನೀಲಿ.
ಮೂರು ದೀಪ ಉರಿಯಬೇಕು, ಎರಡೂಮುಕ್ಕಾಲಲ್ಲ.

ಇದನ್ನೆಲ್ಲ ಹೇಳಿಕೊಟ್ಟವರು ದಸ್ತಗೀರ್ ಸಾಬರು,
ಎಡಗೈಯಲ್ಲಿ ಮೂರೇ ಬೆರಳಿನವರು.
ಉಳಿದೆರಡು ಎಲ್ಲಿ ಎಂದು ನಾನು ಕೇಳಲಿಲ್ಲ.
ಅವರೇ ಒಂದು ದಿನ ಪ್ಯಾನೆಲ್ಲಿನ ಬಾಗಿಲು ತಟ್ಟಿ
‘ಒಳಗವೆ’ ಅಂದರು.

‘ಆಫ್ ಅನ್ನೋದು ಬರೀ ಮಾತು ಕಣಮ್ಮ ಇಂದ್ರಾಣಿ,
ಟೆಸ್ಟರ್ ಹೇಳೋಗಂಟ ನಂಬಬ್ಯಾಡ.
ಟೆಸ್ಟರನ್ನೂ ನಂಬಬ್ಯಾಡ,
ಮೊದ್ಲು ಕರೆಂಟಿರೋ ಕಡೆ ಮುಟ್ಟಿಸಿ
ಅದಕ್ಕೆ ಕಣ್ಣೈತಾ ನೋಡು.
ಕೆಪಾಸಿಟರ್ರು ದಾಯಾದಿ ಇದ್ದಂಗೆ,
ಮಾತು ನಿಂತ ಮ್ಯಾಲೂ ಸಿಟ್ಟು ಒಳಗೇ ಇಟ್ಕಂಡಿರ್ತದೆ.
ಒಂದು ಬೀಡಿ ಸೇದೋ ಹೊತ್ತು ಕಾಯಿ.
ಆಮೇಲೂ ಬರಿಗೈ ಹಾಕಬ್ಯಾಡ.’

ಬೀಡಿಯ ಬದಲು ನಾನು ಮಗ್ಗಿ ಹೇಳಿಕೊಳ್ಳುತ್ತೇನೆ,
ಹನ್ನೆರಡರಿಂದ ಹತ್ತೊಂಬತ್ತರವರೆಗೆ.
ಹದಿನೇಳರದ್ದು ಈಗಲೂ ತಪ್ಪುತ್ತದೆ,
ಮತ್ತೆ ಮೊದಲಿಂದ. ಒಳ್ಳೆಯದೇ.

ಮಾಘದ ಒಂದು ಲಗ್ನದ ದಿನ ಓವರ್‌ಲೋಡ್ ಟ್ರಿಪ್ಪಾಯಿತು.
ಫೋನಿನಲ್ಲಿ ಮೆಂಬರು:
‘ಛತ್ರದಲ್ಲಿ ಎಂಟುನೂರು ಎಲೆ, ಕೈ ತೊಳೆಯಕ್ಕೆ ನೀರಿಲ್ಲ,
ಅದ್ಯಾವುದೋ ಗುಂಡಿ ಐತಲ್ಲ, ಒತ್ತಮ್ಮ ಅತ್ಲಾಗೆ.’
ಬಿದ್ದವರನ್ನು ಯಾಕೆ ಬಿದ್ದಿರೆಂದು ಕೇಳದೆ
ಎಬ್ಬಿಸಬಾರದು ಅಂದೆ.
ಅವರಿಗೆ ತಿಳಿಯಲಿಲ್ಲ. ಫೋನಿಟ್ಟೆ.

ಮೇನ್ ಇಳಿಸಿ, ಮೂರೂ ಫ್ಯೂಸು ಕಿತ್ತು
ಮಡಿಲಿಗೆ ಹಾಕಿಕೊಂಡು ಸೆರಗು ಬಿಗಿದೆ.
ಮದುವೆಯಲ್ಲಿ ಈ ಮಡಿಲಿಗೆ
ಅಕ್ಕಿ, ಬೆಲ್ಲ, ಅರಸೀಕೆರೆಯ ಕೊಬ್ಬರಿ ಗಿಟುಕು ಬಿದ್ದಿತ್ತು.
ಈ ಪಿಂಗಾಣಿ ಅದಕ್ಕಿಂತ ತಣ್ಣಗೆ, ಅದಕ್ಕಿಂತ ಭಾರ.

ರಂಗಧಾಮ ಕೆಳಗಿಳಿದ, ಪಂಪು ಕೈಯಲ್ಲಿ ತಿರುಗುತ್ತದೋ ನೋಡಲು.
ನಾನು ಮಗ್ಗಿ ಮುಗಿಸಿ ಪ್ಯಾನೆಲ್ಲು ತೆರೆದೆ.
ನೀಲಿ ಫೇಸಿನ ಲಗ್ಗು ಸಡಿಲಾಗಿ
ಸುಟ್ಟ ಬದನೆಕಾಯಿಯಂತೆ ಕಪ್ಪಾಗಿತ್ತು.
ಹೊಸ ಲಗ್ಗು ಹುಡುಕಲು ಟ್ರಂಕಿನತ್ತ ಬಗ್ಗಿದ್ದೆ.

ಆಗಲೇ ಮೆಂಬರ ಕಡೆಯ ಹುಡುಗ, ರೇಷ್ಮೆ ಪಂಚೆ,
ಬೈಕಿನಿಂದ ಇಳಿದವನೇ ಒಳಗೆ ಬಂದು
‘ಇದೇ ಅಲ್ವಾ’ ಎಂದು
ಮೇನಿನ ಹಿಡಿ ಎತ್ತಿಯೇ ಬಿಟ್ಟ.

ಏನೂ ಆಗಲಿಲ್ಲ.
ಕೆಳಗೆ ರಂಗಧಾಮ ಸಿಳ್ಳೆ ಹಾಕುತ್ತಲೇ ಇದ್ದ,
ಎರಡೂ ಕೈ ಕಪ್ಲಿಂಗಿನ ಮೇಲೆ.
ಗೋಡೆಯ ಹಲ್ಲಿ ಲೊಚಗುಟ್ಟಿತು.
ಸೆರಗಿನ ಗಂಟು ಹಿಡಿದುಕೊಂಡೇ
ಆ ಹುಡುಗನಿಗೆ ಹೊರಗಿನ ದಾರಿ ತೋರಿಸಿದೆ.
ದನಿ ಜೋರಾಗಲಿಲ್ಲ, ಹೇಗೋ.

ರಂಗಧಾಮ ಮೇಲೆ ಬಂದ ಮೇಲೇ,
ಅವನ ಮುಖ ನೋಡಿದ ಮೇಲೇ ಫ್ಯೂಸು ಕೂರಿಸಿದ್ದು.
ವಾಲ್ವು ಮುಚ್ಚಿದೆ, ಹಸಿರು ಗುಂಡಿ ಒತ್ತಿದೆ.
ಸ್ಟಾರಿನಲ್ಲಿ ಏಳೆಣಿಸುವಷ್ಟರಲ್ಲಿ
ಟಪ್ಪೆಂದು ಡೆಲ್ಟಾಕ್ಕೆ ಬಿತ್ತು.
ಮುಳ್ಳು ಜಿಗಿದು, ನಡುಗಿ, ಮೂವತ್ತೆರಡರಲ್ಲಿ ಕೂತಿತು.
ವಾಲ್ವನ್ನು ಸುತ್ತು ಸುತ್ತಾಗಿ ಬಿಟ್ಟೆ.

‘ಯಾರೋ ಬಂದಂಗಿತ್ತು?’ ಅಂದ ರಂಗಧಾಮ.
‘ಮೆಂಬರ್ ಕಡೆಯೋರು. ಲಾಡು ಕಳಿಸ್ತಾರಂತೆ.’

ನಾನು ಹಾಗೇ ಅಂದದ್ದು. ಆದರೂ ಸೋಮವಾರ ಬಂತು,
ಪೇಪರಿನಲ್ಲಿ ಕಟ್ಟಿ, ಎರಡು.
ರಂಗಧಾಮ ಎರಡನ್ನೂ ಎರಡು ಕೈಯಲ್ಲಿ ಹಿಡಿದು ತಿಂದ,
ಆಮೇಲೆ ಒಂದೊಂದಾಗಿ
ಹತ್ತೂ ಬೆರಳು ನೆಕ್ಕಿದ.