ಗೆರೆ, ಬಾಣ, ಮೂರು ಚುಕ್ಕಿ

ಸಿಸ್ಟರ್ ನ್ಯಾಬೋಕೆ ಪಾಠ ಹೇಳುತ್ತಿದ್ದದ್ದು
ಕಿಸುಮು ಬಸ್‌ಸ್ಟ್ಯಾಂಡಿನ ಕಂಡಕ್ಟರು
ಊರುಗಳ ಹೆಸರು ಕೂಗಿದ ಹಾಗೆ.
ಹತ್ತಿದವರು ಹತ್ತಿದರು, ಉಳಿದವರಿಗೆ ಧೂಳು.
ಪುಸ್ತಕ ನಾಲ್ವರಿಗೆ ಒಂದು.
ಹಾಗಾಗಿ ನನ್ನ ಕೈ ಕಳ್ಳತನ ಕಲಿಯಿತು.

ಮೊದಲು ಸ್ವರಗಳನ್ನು ಕದ್ದೆ,
ಆಮೇಲೆ ಪದಗಳ ಬಾಲ.
ಏರಿದ್ದಕ್ಕೆ ↑, ಇಳಿದದ್ದಕ್ಕೆ ↓,
ಇಲ್ಲ ಅನ್ನುವುದಕ್ಕೆ
ಸೊನ್ನೆಯ ಹೊಟ್ಟೆ ಸೀಳಿದ ಒಂದು ಗೀಟು.
ರಕ್ತಕ್ಕೆ ಇಂಗ್ಲಿಷಿನ ಐದಕ್ಷರ ಯಾರು ಬರೆಯುತ್ತಾರೆ?
ನಮ್ಮ ಲುವೊದಲ್ಲಿ ಅದು ರೆಮೊ; ನನಗೆ ಬರೀ ರೆ ಸಾಕು.
ನೀರು ನಮ್ಮಲ್ಲಿ ಪಿ.
ಅದನ್ನು ಇನ್ನೆಷ್ಟು ಕತ್ತರಿಸುವುದು?
ಗಣಿತದ ಮೇಷ್ಟ್ರಿಂದ π ಕಡ ತಂದೆ.
ಎರಡು ಕಂಬ, ಮೇಲೊಂದು ತೊಲೆ,
ಸಲೈನ್ ಬಾಟಲಿ ನೇತುಹಾಕಲು
ಹೇಳಿ ಮಾಡಿಸಿದ ಹಾಗಿತ್ತು.

ಪಕ್ಕದ ಮಂಚದ ನೆಕೆಸಾ ತರಗತಿಯಲ್ಲಿ ನಿದ್ದೆ ಮಾಡಿ
ರಾತ್ರಿ ನನ್ನ ನೋಟುಬುಕ್ಕು ಕೇಳುತ್ತಿದ್ದಳು.
ಒಂದೇ ಪುಟ ನೋಡಿ ಹಿಂದಿರುಗಿಸಿದಳು:
"ಇದರ ಮೇಲೆ ಯಾವ ಕೋಳಿ ಬಿಟ್ಟಿದ್ದೆ?"

ಆದ್ದರಿಂದ ಅಂದರೆ ∴
ಅಜ್ಜಿಯ ಒಲೆಯ ಮೂರು ಕಲ್ಲು.
ಒಲೆ ತಲೆಕೆಳಗಾದರೆ ∵
ಯಾಕೆಂದರೆ.
ಒಂದು ಸೋಮವಾರ
ಸರೋವರದ ಕಡೆಯಿಂದ ಕೊಳೆತ ಅಂತರಗಂಗೆಯ ವಾಸನೆ,
ಕರೆಂಟು ಬೇರೆ ಹೋಗಿ
ಕತ್ತಲಲ್ಲಿ ಒಲೆ ಉರುಳಿಸಿಬಿಟ್ಟೆ.
ಜ್ವರದಿಂದ ಸೋಂಕು ಬರುತ್ತದೆಂದು
ತಿಂಗಳಿಡೀ ನಂಬಿದ್ದೆ. ಪರೀಕ್ಷೆಯಲ್ಲೂ ಬರೆದೆ.
ಸಿಸ್ಟರ್ ಕೆಂಪು ಶಾಯಿಯಲ್ಲಿ ಕೇಳಿದ್ದರು:
"ಹೊಗೆಯಿಂದ ಬೆಂಕಿ ಹೊತ್ತಿಸುವ ಅಡುಗೆಮನೆ ಯಾವೂರಿನದು?"

ಹೋಮಾ ಬೇ ಆಸ್ಪತ್ರೆ, ನೌಕರಿಯ ಹನ್ನೊಂದನೇ ರಾತ್ರಿ.
ಅಕೆಚ್ ಎಂಬವಳು ಹೆತ್ತು ಅರ್ಧಗಂಟೆ.
ಮಗು ಜೋರಾಗಿ ಅತ್ತಿತ್ತು, ಅವಳು ನಕ್ಕಿದ್ದಳು.
ಬಾಯಾರಿಕೆ ಅಂದಳು.
ಮಣಿಕಟ್ಟು ಹಿಡಿದೆ: ನಾಡಿ ↑
ಪಟ್ಟಿ ಸುತ್ತಿದೆ: ಬಿಪಿ ↓
ಮತ್ತೊಮ್ಮೆ ಸುತ್ತಿದೆ: ↓ ↓
ಚಾದರ ಎತ್ತಿದೆ.
ರೆ.

ಹಾಳೆಯ ಮೇಲೆ ಬೆರಳುದ್ದ ಇದ್ದ ಸಾಲು
ಆ ಕೋಣೆಯಲ್ಲಿ ನಲವತ್ತು ನಿಮಿಷ ಉದ್ದವಿತ್ತು.
ನಾನು ಕದ್ದ ಸ್ವರಗಳೆಲ್ಲ ಅವಳ ಬಾಯಿಂದ
ವಾಪಸು ಬಂದವು: ಆ, ಈ, ಓ.
ಒಂದು ಕೈ ಹೊಟ್ಟೆ ತಿಕ್ಕುತ್ತ, ಒಂದು ಕೈ ಸೂಜಿಗೆ ತಡಕುತ್ತ,
ಡಾಕ್ಟರಿಗೆ ಕೂಗುತ್ತ, π ಏರಿಸುತ್ತ
ಪಾಠದ ಒಂದು ವಾಕ್ಯವೂ ನೆನಪಾಗಲಿಲ್ಲ.
ಪುಟದ ಎಡಕ್ಕೆ, ಮೇಲಿನಿಂದ ನಾಲ್ಕನೆಯ ಸಾಲಿನಲ್ಲಿ
ಯಾವ ಗುರುತಿನ ನಂತರ ಯಾವ ಗುರುತು, ಅಷ್ಟೇ.

ಬೆಳಕು ಹರಿಯುವಾಗ ಬಾಣ ತಿರುಗಿತು.
ಅಕೆಚ್ ಚಹಾ ಕೇಳಿದಳು, ಸಕ್ಕರೆ ಮುಂದಾಗಿ.

ವರದಿಯಲ್ಲಿ ಸಂಕ್ಷೇಪ ಕೂಡದು, ಅಂದರು ಮೇಟ್ರನ್,
ಬಿಡಿಸಿ ಬರಿ.
ಬರೆದೆ. ಮೂರು ಪುಟ ಹಿಡಿಯಿತು.
ರಕ್ತ ಅನ್ನುವುದನ್ನು ಒಂಬತ್ತು ಸಲ,
ಐದಕ್ಷರದಲ್ಲಿ ಒಂದನ್ನೂ ಬಿಡದೆ.

ಕೋಣೆಗೆ ಬಂದು ಹಳೇ ನೋಟುಬುಕ್ಕು ತೆರೆದೆ.
ಆ ಪಾಠ ಇತ್ತು. ಎರಡು ಬಾಣ, ರೆ, ಮೂರು ಚುಕ್ಕಿ,
ಆಮೇಲೆ ಅಂಚಿನ ತನಕ ಒಂದು ಉದ್ದ ಗೆರೆ.
ಗೆರೆ ಅಂದರೆ ಸಿಸ್ಟರ್ ಮಾತು ನಿಲ್ಲಿಸಿದ್ದಾರೆ,
ಬೆರಳಿಗೆ ಬಿಡುವು.
ಅವರು ಕಿಟಕಿಯ ಕಡೆ ತಿರುಗಿದ್ದರು.
ನಾವು ಕೈ ಒದರಿಕೊಂಡಿದ್ದೆವು.

ಹೋದ ವರ್ಷ ಮೀನಿನ ಮಾರುಕಟ್ಟೆಯಲ್ಲಿ ಸಿಕ್ಕಿದರು.
ಕೇಳಿಯೇಬಿಟ್ಟೆ, ಆ ದಿನ ಯಾಕೆ ನಿಲ್ಲಿಸಿದಿರಿ?
ತಿಲಾಪಿಯಾದ ಕಿವಿರು ಎತ್ತಿ ಬಣ್ಣ ನೋಡುತ್ತಿದ್ದರು.
"ತೋಟಕ್ಕೆ ಆಡು ನುಗ್ಗಿತ್ತು," ಅಂದರು.
ಒಂದು ಶಿಲ್ಲಿಂಗಿಗೂ ಅರ್ಧ ದಿನ ಜಗಳಾಡುವವರು
ಮೀನಿನವಳು ಕೇಳಿದಷ್ಟೂ ಕೊಟ್ಟು
ಚಿಲ್ಲರೆ ಮರೆತು ಹೊರಟರು.